ಫಿನಾಯಿಲ್ ಡಬ್ಬಿಯ ಮೇಲೆ ಕೂತ ಅಕ್ಕ

ನಮ್ಮಕ್ಕನನ್ನು ಊರಿನವರು ಕರೆಯುವುದು 'ಬಗ್ಗಡದಕ್ಕ' ಎಂದು. ಅಣಕಿಸಲು ಇಟ್ಟ ಹೆಸರು. ಅವಳು ಅದನ್ನೇ ತಾನು ಮಾರುವ ಗೊಬ್ಬರದ ಚೀಲಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದಳು.

ನಮ್ಮ ಕೊಟ್ಟಿಗೆಯಲ್ಲಿ ನಲವತ್ತು ಹಸುಗಳಿವೆ. ಮೊದಲೆಲ್ಲ ತೊಳೆದ ನೀರು, ಸಗಣಿ, ಗಂಜಲ ಎಲ್ಲವೂ ಸೀದಾ ಹಳ್ಳಕ್ಕೆ. "ಕೆಳಗಿನ ಬೀದಿಯವ್ರು ಅದೇ ನೀರಲ್ಲಿ ಬಟ್ಟೆ ಒಗೀತಾರೆ ಕಣೋ, ನಾಚಿಕೆ ಆಗಲ್ವಾ?" ಎಂದು ಬಯ್ದು ಅಕ್ಕ ಮೋರಿಯನ್ನೇ ತಿರುಗಿಸಿದಳು. ಈಗ ಅದು ಮೊದಲು ಗ್ಯಾಸ್ ತೊಟ್ಟಿಗೆ ಹೋಗುತ್ತದೆ; ಆ ಗ್ಯಾಸಿನಲ್ಲೇ ಹಾಲಿನ ಕ್ಯಾನ್ ತೊಳೆಯಲು ನೀರು ಕಾಯುತ್ತದೆ. ಹೊರಬಂದ ಬಗ್ಗಡ ಒಣಗಿ ಗೊಬ್ಬರವಾಗುತ್ತದೆ. ಉಳಿದ ನೀರು ಜೊಂಡು ಬೆಳೆದ ಮೂರು ತೊಟ್ಟಿ ದಾಟಿ, ತಿಳಿಯಾಗಿ ಹಳ್ಳ ಸೇರುತ್ತದೆ.

ಇದನ್ನೆಲ್ಲ ಒಮ್ಮೆ ಹಾಳು ಮಾಡಿದವನು ನಾನೇ. ಮಾಲಿನ್ಯ ಮಂಡಳಿಯಿಂದ ತನಿಖೆಯ ಸಾಹೇಬರು ಬರುತ್ತಾರೆಂದು ಹೆದರಿ, ವಾಸನೆ ಹೋಗಲಿ ಎಂದು ಮೋರಿಗೆ ಎರಡು ದೊಡ್ಡ ಡಬ್ಬಿ ಫಿನಾಯಿಲ್ ಸುರಿದೆ. ಸಾಹೇಬರು ಮೂಗರಳಿಸಿ "ಭೇಷ್" ಎಂದರು. ನಾನು ಬೀಗಿದೆ. ನಾಲ್ಕನೇ ದಿನ ನೀರು ಕಾಯಿಸುವ ಗ್ಯಾಸ್ ಒಲೆ ಆರಿತು. ಸಗಣಿಯನ್ನು ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೆಲ್ಲ ಸತ್ತಿದ್ದವು. ಕೊನೆಯ ತೊಟ್ಟಿಯ ನೀರೂ ಕಪ್ಪಾಯಿತು, ಕೆಳಗಿನ ಬೀದಿಯವರು ದೂರು ಕೊಟ್ಟರು. ಅಕ್ಕ ಎರಡು ತಿಂಗಳು ಹೊಸ ಸಗಣಿ ಕಲಸಿ ಸುರಿದು ತೊಟ್ಟಿಗೆ ಜೀವ ತಂದಳು. ನನ್ನ ಜೊತೆ ಮಾತು ಬಿಟ್ಟಳು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ದೂರಿನ ಮೇಲೆ ಅದೇ ಸಾಹೇಬರು ಮತ್ತೆ ಬರುವ ದಿನ ಬಂತು. ನೀರು ಕೆಟ್ಟಿದ್ದರೆ ಕೊಟ್ಟಿಗೆಗೆ ಬೀಗ. ನನ್ನ ಹಾಳು ಬುದ್ಧಿ ಉಳಿದಿದ್ದ ಇನ್ನೊಂದು ಡಬ್ಬಿಯ ಕಡೆಗೇ ಓಡಿತು. ಹೋಗಿ ನೋಡಿದರೆ ಅಕ್ಕ ಅದರ ಮೇಲೆ ಕೂತಿದ್ದಾಳೆ!

"ಏಳಕ್ಕಾ, ಒಂಚೂರೇ ಹಾಕ್ತೀನಿ."

"ನನ್ನ ಎತ್ತಿ ಪಕ್ಕಕ್ಕಿಡು, ಆಮೇಲೆ ಹಾಕು."

ಎರಡು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಂದರು. "ಏನಮ್ಮಾ, ಇಷ್ಟೊಂದು ವಾಸನೆ?"

"ಹಸು ಸಗಣಿ ಹಾಕುತ್ತೆ ಸಾರ್, ಅತ್ತರು ಹಾಕಲ್ಲ. ಮೂಗು ಮುಚ್ಕೊಳ್ಳಿ, ಪರವಾಗಿಲ್ಲ. ಕಣ್ಣು ಬಿಟ್ಟು ನೋಡಿ."

ಕೊನೆಯ ತೊಟ್ಟಿಯಲ್ಲಿ ತಳದ ಕಲ್ಲು ಕಾಣುತ್ತಿತ್ತು. ಸಾಹೇಬರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಅಕ್ಕ ಗೊರಕೆ ಹೊಡೆದಳು.

ವರದಿ ಬಂತು: 'ನೀರು ಸರಿಯಾಗಿದೆ. ವಾಸನೆ ಇದೆ.' ಅಕ್ಕ ಅದನ್ನು ಕೊಟ್ಟಿಗೆಯ ಬಾಗಿಲಿಗೇ ಅಂಟಿಸಿದಳು. ನನಗೆ ಕಣ್ಣು ತುಂಬಿ ಬಂತು.

"ಅಕ್ಕಾ, ಇನ್ನಾದ್ರೂ ಆ ಫಿನಾಯಿಲ್ ಬಿಸಾಕಿಬಿಡ್ಲಾ?"

"ಎಲ್ಲಿಗೆ ಬಿಸಾಕ್ತೀಯೋ? ಹಳ್ಳಕ್ಕಾ?"

ಇವತ್ತಿಗೂ ಹಾಲು ಕರೆಯುವಾಗ ಅವಳು ಕೂರುವುದು ಆ ಡಬ್ಬಿಯ ಮೇಲೆಯೇ.