ಬಾಣಂತಿ ಮಾತಾಡಬೇಕು

ನಮ್ಮತ್ತೆಯ ಬಾಣಂತನಕ್ಕೆ ಮೂರು ಕಾನೂನು: ಕಿವಿಗೆ ಗಾಳಿ ಹೋಗಬಾರದು, ತಣ್ಣೀರು ಮುಟ್ಟಬಾರದು, ಬಾಣಂತಿ ಹೆಚ್ಚು ಮಾತಾಡಬಾರದು. ಧಾರವಾಡದಿಂದ ಅಮೆರಿಕದ ನಾರ್ತ್‌ವಿಲ್‌ಗೆ ಬಂದಿಳಿದ ದಿನವೇ ಅವರು ಮನೆಯ ಹೀಟರನ್ನು ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿಸಿ, ನನ್ನ ಕಿವಿಗೆ ಉಣ್ಣೆಯ ಸ್ಕಾರ್ಫ್ ಬಿಗಿದರು. ಮೊದಲೆರಡು ಕಾನೂನು ನನಗೆ ಹಿತವಾಗಿಯೇ ಇದ್ದವು. ಮೂರನೆಯದನ್ನು ಮಾತ್ರ ಈ ಬಾಯಿಬಡುಕಿ ಸೊಸೆಗೆಂದೇ ಮಾಡಿರಬೇಕು ಅನ್ನಿಸುತ್ತಿತ್ತು.

ಹೆರಿಗೆಯಾದ ಒಂಬತ್ತನೆಯ ದಿನ ತಲೆ ಸಿಡಿಯತೊಡಗಿತು. "ಗಾಳಿ ಹೊಕ್ಕೈತಿ, ಸುಮ್ನ ಮಲ್ಕೋ" ಎಂದು ಅತ್ತೆ ಸ್ಕಾರ್ಫನ್ನು ಇನ್ನೊಂದು ಸುತ್ತು ಸುತ್ತಿದರು. ಆಸ್ಪತ್ರೆಗೆ ಫೋನ್ ಮಾಡಿ, ಬಾಣಂತಿಯ ಮೆಲುದನಿಯಲ್ಲಿ "ಸ್ವಲ್ಪ ತಲೆನೋವು" ಎಂದೆ. ನಿದ್ದೆ ಸಾಲದು, ಮಾತ್ರೆ ನುಂಗಿ ಎಂದರು. ಎರಡೂ ಕಡೆ ಒಂದೇ ಉತ್ತರ ಬಂದಮೇಲೆ ನಾನೂ ತೆಪ್ಪಗೆ ಮಲಗಿದೆ.

ಮಧ್ಯಾಹ್ನ ಮಗುವನ್ನು ನೋಡಲು ಆಫೀಸಿನ ಗೆಳತಿ ಬಂದಳು. ಅವಳು ಕಪ್ಪು ಜನಾಂಗದವಳು. ಶನಿವಾರ ಶನಿವಾರ ಡೆಟ್ರಾಯಿಟ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಬಸುರಿ-ಬಾಣಂತಿಯರ ಗುಂಪು ನಡೆಸುತ್ತಿದ್ದಳು. ಹೆರುವುದಿರಲಿ, ಹೆರದಿರುವುದಿರಲಿ, ನಮ್ಮ ಮೈಯ ವಿಷಯದಲ್ಲಿ ನಮ್ಮ ಮಾತೇ ನಡೆಯಬೇಕು ಎಂಬುದು ಆ ಹೆಂಗಸರ ಹಟ. "ಬಾಣಂತಿ ಮಲಗ್ಯಾಳ" ಎಂದು ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದರು. ಗೆಳತಿಗೆ ಕನ್ನಡ ಬಾರದಿದ್ದರೂ ಕೈಯ ಭಾಷೆ ತಿಳಿಯಿತು. ಆದರೂ ಅಲ್ಲಿಂದಲೇ, ಹೇಗಿದ್ದೀಯ ಎಂದು ಕೂಗಿ ಕೇಳಿದಳು.

ತಲೆನೋವು ಎಂದೆ. ಅವಳ ನಗು ಅಲ್ಲೇ ನಿಂತಿತು. ಗುಂಪಿಗೆಂದು ಕಾರಿನಲ್ಲಿಟ್ಟಿದ್ದ ಬಿಪಿ ನೋಡುವ ಮೆಷಿನ್ ತಂದು, ಅತ್ತೆಯನ್ನು ದಾಟಿಕೊಂಡು ಬಂದು ನನ್ನ ತೋಳಿಗೆ ಕಟ್ಟಿದಳು. ಅಂಕಿ ನೋಡಿದವಳೇ ಫೋನನ್ನು ನನ್ನ ಕೈಗಿಟ್ಟಳು.

"ಹೆರಿಗೆಯಾಗಿ ಒಂಬತ್ತು ದಿನ ಅಂತ ಮೊದಲು ಹೇಳು. ಆಮೇಲೆ ತಲೆನೋವು. ಆಮೇಲೆ ಈ ಅಂಕಿ. 'ಸ್ವಲ್ಪ' ಅನ್ನೋ ಪದ ಬೇಡ."

ಹಾಗೇ ಹೇಳಿದೆ, ಜೋರಾಗಿ. ಬಾಣಂತಿಗೆ ಬಿಪಿ ಇಷ್ಟು ಏರಿದರೆ ಜೀವಕ್ಕೇ ಅಪಾಯ, ತಕ್ಷಣ ಹೊರಟು ಬನ್ನಿ ಎಂದರು ಆಸ್ಪತ್ರೆಯವರು. ದಾರಿಯಲ್ಲಿ ಡ್ರೈವ್ ಮಾಡುತ್ತಾ ಅವಳು ತನ್ನ ತಂಗಿಯ ವಿಷಯ ಹೇಳಿದಳು. ಹೆರಿಗೆಯ ನಂತರ ತಂಗಿಯೂ ತಲೆನೋವು ಎಂದಿದ್ದಳಂತೆ, ಒಂದಲ್ಲ ಎರಡು ಸಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಉಳಿಯಲಿಲ್ಲ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು, ಬಿಪಿ ಇಳಿದ ಮೇಲೆ ಮನೆಗೆ ಬಂದೆ. ಅತ್ತೆ ಬಾಣಂತಿಗೆಂದು ಮಾಡಿದ್ದ ಅಂಟಿನುಂಡೆಯಲ್ಲಿ ಗೆಳತಿಗೂ ಒಂದು ಡಬ್ಬಿ ಕಟ್ಟಿಕೊಟ್ಟರು.

ಈಗ ಮಗಳಿಗೆ ನಾಲ್ಕು ವರ್ಷ. ಶನಿವಾರದ ಗುಂಪಿಗೆ ನಾನೂ ಹೋಗುತ್ತೇನೆ, ಬಿಪಿ ನೋಡುತ್ತೇನೆ, ಕುರ್ಚಿ ಜೋಡಿಸುತ್ತೇನೆ. ವಾರದಲ್ಲಿ ನನಗೆ ತುಂಬ ಇಷ್ಟವಾದ ಬೆಳಗು ಅದು. ಕಳೆದ ತಿಂಗಳು, ಮತ್ತೆ ಊರಿಂದ ಬಂದಿದ್ದ ಅತ್ತೆಯೂ ಅಂಟಿನುಂಡೆಯ ಡಬ್ಬಿ ಹಿಡಿದು ಬಂದರು. ಆರು ದಿನದ ಕೂಸನ್ನೆತ್ತಿಕೊಂಡು ಒಬ್ಬ ಹುಡುಗಿ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಳು. ಅತ್ತೆ ನೇರ ಹೋಗಿ ತಮ್ಮ ಸ್ಕಾರ್ಫನ್ನೇ ಬಿಚ್ಚಿ ಅವಳ ಮುಂದೆ ಹಿಡಿದರು. ಹುಡುಗಿ ನಗುತ್ತಾ ತಲೆ ಬಗ್ಗಿಸಿ ಕಟ್ಟಿಸಿಕೊಂಡಳು.

"ಕಿವಿ ಮುಚ್ಕೋ ಯವ್ವಾ, ಬಾಯಿ ಮುಚ್ಕೋಬ್ಯಾಡ" ಎಂದರು ಅತ್ತೆ, ನನ್ನತ್ತ ತಿರುಗಿ, "ಹೇಳು ಆಕಿಗೆ."

ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೆರಿಗೆಯ ಹೊಲಿಗೆ ನೋಯುತ್ತಿದೆ, ಮೂರು ದಿನದಿಂದ ನೋಯುತ್ತಿದೆ ಎಂದು ಇಡೀ ಕೋಣೆಗೆ ಕೇಳುವಂತೆ ಹೇಳಿದಳು.