ರಿಂಗಿನ ಮೇಲಿನ ಬಿಳಿ ಗೆರೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಷಟರ್ ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಬಗ್ಗಿ ಒಳಗೆ ನುಸುಳಿದರೆ, ಜಾಕಿನ ಮೇಲೆ ನಿಂತ ಪಿಕಪ್ ಗಾಡಿಯೊಂದರ ಮುಂಚಕ್ರದ ಗೂಡಿನೊಳಗೆ ತಲೆ ಹಾಕಿಕೊಂಡು ಕೂತಿದ್ದಾರೆ ಅತ್ತಿಗೆ. ಚಕ್ರ ಬಿಚ್ಚಿ ಪಕ್ಕದ ಗೋಡೆಗೆ ಒರಗಿಸಿದೆ. ಮೈಮೇಲೆ ಗಂಡನ ಹಳೇ ಅಂಗಿ, ಕೈಯಲ್ಲಿ ತಂತಿ ಬ್ರಷ್ಷು. ಸ್ಪ್ರಿಂಗಿನ ಮೇಲ್ಭಾಗದ ಥ್ರೆಡ್ಡಿನಲ್ಲಿ ಕೂತ ಮಣ್ಣನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಾರೆ.

"ಮಣ್ಣಿರೋವಾಗ್ಲೇ ರಿಂಗ್ ತಿರುಗಿಸಿದ್ರೆ ಥ್ರೆಡ್ಡೂ ಹೋಯ್ತು, ರಿಂಗೂ ಹೋಯ್ತು," ಎನ್ನುತ್ತಾರೆ ನನ್ನ ಕಡೆ ತಿರುಗದೆ. "ಮಾತಾಡಿ ಸಾರ್, ಆದ್ರೆ ಮೆಲ್ಲಗೆ. ನಾನಿಲ್ಲಿಲ್ಲ ಅಂತ ಲೆಕ್ಕ."

ನಿಜ, ಅವರು ಇಲ್ಲಿಲ್ಲ. ಈ ಪಿಕಪ್ಪಿನ ಒಡೆಯ ನಿನ್ನೆ ಸಂಜೆ ಗಾಡಿ ಬಿಟ್ಟು ಹೋಗುವಾಗ ಒಂದೇ ಒಂದು ಷರತ್ತು ಹಾಕಿದ್ದಾನೆ: "ಆ ಹೆಂಗಸಿನ ಕೈ ನನ್ನ ಗಾಡಿಗೆ ತಾಗಕೂಡದು." ಗ್ಯಾರೇಜಿನ ಯಜಮಾನ, ಅಂದರೆ ಇವರ ಮೈದುನ, "ನಾನೇ ಮಾಡ್ತೀನಿ, ನೀವು ನಿಶ್ಚಿಂತೆಯಿಂದ ಹೋಗಿ" ಎಂದು ಎದೆ ಮೇಲೆ ಕೈಯಿಟ್ಟು ಹೇಳಿದ್ದಾನೆ. ಹೇಳಿದವನು ಈಗ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಾನೆ. ತನ್ನ ಕೈಲಿ ಆಗುವ ಕೆಲಸ ಇದಲ್ಲ ಎಂದು ಊರಿಗೆ ಗೊತ್ತಿಲ್ಲದಿದ್ದರೂ ಅವನಿಗಂತೂ ಚೆನ್ನಾಗಿ ಗೊತ್ತು.

ಎಲೆಮರೆಯ ಕಾಯಿ ಎಂದು ಬರೆದು ಕೈ ತೊಳೆದುಕೊಳ್ಳುವುದು ನಮ್ಮಂಥ ಪತ್ರಿಕೆಯವರಿಗೆ ಸಲೀಸು. ಮರೆ ಮಾಡಿಕೊಂಡು ನಿಂತ ಎಲೆ ಯಾವುದು ಎಂದು ನಾವು ಕೇಳುವುದಿಲ್ಲ. ಈ ಸಲ ಕೇಳಿದ್ದೇನೆ.

ಕೆಲಸದ ಬಗ್ಗೆ ಎರಡು ಮಾತು. ಕಲ್ಲುದಾರಿಯಲ್ಲಿ ಓಡುವ ಪಿಕಪ್‌ಗಳನ್ನು ನೆಲದಿಂದ ಎತ್ತರಿಸುವುದು ಈ ಗ್ಯಾರೇಜಿನ ಕಸುಬು. ಮುಂದಿನ ಎರಡೂ ಚಕ್ರಗಳಿಗೆ ಕಾಯಿಲ್‌ಓವರ್ ಕೂರಿಸುತ್ತಾರೆ. ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗು, ಅದರ ನೆತ್ತಿಯ ಮೇಲೊಂದು ರಿಂಗು. ರಿಂಗನ್ನು ಕೆಳಕ್ಕೆ ಬಿಗಿದರೆ ಸ್ಪ್ರಿಂಗು ಒತ್ತಿಕೊಂಡು ಗಾಡಿ ಮೇಲೇಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇಷ್ಟೇನಾ ಎಂದು ನಾನೂ ಕೇಳಿದೆ.

"ಇಷ್ಟೇ ಅಂದ್ಕೊಂಡೇ ಎಲ್ಲರೂ ಕೆಡೋದು," ಎಂದರು ಅತ್ತಿಗೆ. "ಮೊದ್ಲು ಸ್ಪ್ರಿಂಗ್ ಆರಿಸ್ಬೇಕು. ಮುಂದೆ ಕಬ್ಬಿಣದ ಬಂಪರ್ ಇದೆಯಾ, ಗಾಡಿ ಎಳೆಯೋ ವಿಂಚ್ ಇದೆಯಾ, ಹಿಂದೆ ಏನು ಹೇರ್ತಾರೆ, ಎಲ್ಲ ನೋಡಿ ಭಾರಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ಹಾಕ್ಬೇಕು. ಮೆತ್ತನೆ ಸ್ಪ್ರಿಂಗ್ ಹಾಕಿ ರಿಂಗ್ ಬಿಗಿದು ಬಿಗಿದು ಎತ್ತರ ಮಾಡಿದ್ರೆ ನೋಡಕ್ಕೆ ಜೋರಾಗಿರುತ್ತೆ. ಆದ್ರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಕ್ಕೆ ಜಾಗನೇ ಇರಲ್ಲ. ಪ್ರತಿ ಏಟೂ ಚಕ್ರ ಹಿಡಿದಿರೋ ಕೀಲಿಗೇ ಬೀಳುತ್ತೆ. ಕೀಲು ಎಷ್ಟು ದಿನ ತಡ್ಕೊಳುತ್ತೆ?"

ಗಿರಾಕಿಗಳು ಭಾರದ ವಿಷಯದಲ್ಲಿ ಸುಳ್ಳು ಹೇಳುತ್ತಾರಂತೆ. ಹಾಗಾಗಿ ಬಾಯಿಮಾತು ನಂಬದೆ ಒಂದೊಂದು ಚಕ್ರದಡಿಗೂ ತೂಕದ ಹಲಗೆ ಇಟ್ಟು ತೂಗುತ್ತಾರೆ. ಚಕ್ರದ ನಡುವಿನಿಂದ ಮೇಲಿನ ಅಂಚಿನವರೆಗೆ ಟೇಪು ಹಿಡಿಯುತ್ತಾರೆ, ರಿಂಗು ತಿರುಗಿಸುತ್ತಾರೆ, ಗಾಡಿ ಇಳಿಸಿ ನಾಲ್ಕು ಸಲ ಕುಲುಕಿ ಮತ್ತೆ ಟೇಪು ಹಿಡಿಯುತ್ತಾರೆ. ದಿನಕ್ಕೆ ಎರಡು ಗಾಡಿ, ಹೆಚ್ಚೆಂದರೆ ಮೂರು. ಎಲ್ಲ ಸರಿಯಾದ ಮೇಲೆ ರಿಂಗಿನಿಂದ ಥ್ರೆಡ್ಡಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಯಾರಾದರೂ ರಿಂಗು ತಿರುಗಿಸಿದರೆ ಗೆರೆ ಎರಡಾಗಿ ಒಡೆದು ಅಕ್ಕಪಕ್ಕಕ್ಕೆ ಸರಿಯುತ್ತದೆ.

ಈ ಕೆಲಸ ಅವರಿಗೆ ಒಲಿದು ಬಂದದ್ದಲ್ಲ, ಕೊರಳಿಗೆ ಬಿದ್ದದ್ದು. ಮೊದಲು ಗಂಡ ಇಲ್ಲಿನ ಮೇಸ್ತ್ರಿ. ಒತ್ತಿ ಹಿಡಿದಿದ್ದ ಸ್ಪ್ರಿಂಗೊಂದು ಹಿಡಿಕೆ ತಪ್ಪಿ ಸಿಡಿದು ಅವರ ಬಲಗೈ ಮಣಿಕಟ್ಟು ಪುಡಿಯಾಯಿತು. ಅಂದಿನಿಂದ ಬೆರಳು ಮಡಚುವುದಿಲ್ಲ.

"ಅವ್ರು ಬಾಯಲ್ಲಿ ಹೇಳ್ತಿದ್ರು, ನಾನು ಕೈಯಲ್ಲಿ ಮಾಡ್ತಿದ್ದೆ. ಬರ್ತಾ ಬರ್ತಾ ಹೇಳೋದು ನಿಲ್ಸಿದ್ರು. ಈಗ ಬಾಯಿ ತೆಗೆಯೋದು ಜಗಳಕ್ಕೆ ಮಾತ್ರ."

"ಇವಳ ಜೊತೆ ಜಗಳ ಆಡಿ ಗೆದ್ದೋರು ಯಾರಿದಾರೆ ಸಾರ್," ಎಂದು ಮೂಲೆಯ ಟೈರಿನ ಮೇಲೆ ಕೂತ ಗಂಡ ಗೊಣಗುತ್ತಾರೆ.

ಹೊರಗಿನ ಬೋರ್ಡಿನಲ್ಲಿ ಮಾತ್ರ ಮೈದುನನ ಫೋಟೋ. ಆನೆಯಂತೆ ನಿಂತ ಗಾಡಿಯ ಮುಂದೆ ಕೈಕಟ್ಟಿಕೊಂಡು ನಗುತ್ತಿದ್ದಾನೆ. ಗಾಡಿ ಪ್ರಿಯರ ಸಂಘ ಅವನಿಗೆ ಫಲಕ ಕೊಟ್ಟು ಶಾಲು ಹೊದಿಸಿದೆ. ಜಾಗ ಅವನ ಹೆಸರಲ್ಲಿದೆ, ಮೇಲಿನ ಎರಡು ಕೋಣೆಯ ಮನೆಯೂ ಅವನದೇ. ಅಣ್ಣ ಅತ್ತಿಗೆ ಇರುವುದು ಆ ಮನೆಯ ಹಿಂದಿನ ಕೋಣೆಯಲ್ಲಿ. ಅವನು ಅತ್ತಿಗೆ ಅತ್ತಿಗೆ ಎಂದು ಕೂಗಿ ಕೂಗಿ ಗಿರಾಕಿಗಳಿಗೂ ಆಕೆ ಅತ್ತಿಗೆಯೇ ಆಗಿದ್ದಾರೆ. ಒಬ್ಬನನ್ನು ಬಿಟ್ಟು.

ಆ ಒಬ್ಬ, ಈ ಪಿಕಪ್ಪಿನ ಒಡೆಯ, ಒಂದು ಕಾಲಕ್ಕೆ ಗ್ಯಾಸ್ ಏಜೆನ್ಸಿಯ ಡ್ರೈವರ್. ಗುಡ್ಡದ ಮೇಲಿನ ಮನೆಗಳಿಗೆ ಸಿಲಿಂಡರ್ ಒಯ್ಯುತ್ತಿದ್ದ. ಗಾಡಿ ಬಿಟ್ಟಾಗೆಲ್ಲ ಅತ್ತಿಗೆಯ ಫ್ಲಾಸ್ಕಿನ ಚಹಾ ಕುಡಿದು, ಸಕ್ಕರೆ ಸಾಲದು ಎಂದು ಹೇಳಿ ಬೈಸಿಕೊಂಡು ಹೋಗುತ್ತಿದ್ದವನು. ಏಜೆನ್ಸಿಯ ಯಜಮಾನನಿಗೆ ಗಾಡಿ ಇನ್ನೂ ಎತ್ತರ ಕಾಣಬೇಕಿತ್ತು. ಅತ್ತಿಗೆ ಒಪ್ಪಲಿಲ್ಲ. ಈ ಸ್ಪ್ರಿಂಗಿಗೆ ಇಷ್ಟೇ ಎಂದು ಗೆರೆ ಎಳೆದು ಅಡುಗೆ ಮಾಡಲು ಮನೆಗೆ ಹೋದರು. ಎರಡು ವಾರ ಕಳೆದು, ಇಳಿಜಾರಿನ ತಿರುವಿನಲ್ಲಿ ಮುಂಚಕ್ರದ ಕೀಲು ಮುರಿಯಿತು. ಗಾಡಿ ಹಳ್ಳಕ್ಕೆ ಬಿತ್ತು. ಡ್ರೈವರಿನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು.

ಊರು ತೀರ್ಪು ಕೊಡಲು ಒಂದು ದಿನವೂ ತೆಗೆದುಕೊಳ್ಳಲಿಲ್ಲ. ಹೆಂಗಸಿನ ಕೈಗೆ ಸ್ಪಾನರ್ ಕೊಟ್ಟರೆ ಇನ್ನೇನಾಗುತ್ತದೆ ಎಂದಿತು. ಗ್ಯಾರೇಜಿನ ಕೆಲಸವೆಲ್ಲ ಮೈದುನನದೇ ಎಂದು ಅದುವರೆಗೆ ಹೊಗಳುತ್ತಿದ್ದ ಬಾಯಿಗಳಿಗೆ, ಆ ಒಂದು ಗಾಡಿ ಮಾತ್ರ ಆಕೆಯ ಕೆಲಸ ಎಂದು ತಟ್ಟನೆ ನೆನಪಾಯಿತು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ನಜ್ಜುಗುಜ್ಜಾದ ಗಾಡಿಯನ್ನು ಎಳೆದು ತಂದು ಗ್ಯಾರೇಜಿನ ಅಂಗಳದಲ್ಲೇ ಹಾಕಿದ್ದರು. ಯಾರೂ ಇಲ್ಲದಾಗ ಅತ್ತಿಗೆ ಅದರಡಿ ತೂರಿ ನೋಡಿದರು. ಈಗ ಬೆಂಚಿನ ಕೆಳಗಿನಿಂದ ಗೋಣಿಚೀಲ ಎಳೆದು ಬಿಚ್ಚಿ, ಅವತ್ತು ಕಳಚಿಟ್ಟ ಕಾಯಿಲ್‌ಓವರನ್ನು ನನ್ನ ಮುಂದಿಡುತ್ತಾರೆ. ಥ್ರೆಡ್ಡಿನ ಮೇಲೆ ಅರ್ಧ ಗೆರೆ. ಉಳಿದರ್ಧ ರಿಂಗಿನ ಜೊತೆ ಬಹಳ ಕೆಳಗೆ ಇಳಿದು ಇನ್ನೊಂದು ಮಗ್ಗುಲಿಗೆ ಹೋಗಿದೆ.

"ನಾನು ಮನೆಗೆ ಹೋದ್ಮೇಲೆ ತಿರುಗಿಸಿದಾರೆ. ಬೀಗದ ಕೈ ಇದ್ದಿದ್ದು ಒಬ್ಬರ ಹತ್ರಾನೇ."

ಯಾರಿಗೂ ಹೇಳಲಿಲ್ಲವೇ ಎಂದೆ.

"ಇವರಿಗೆ ತೋರಿಸ್ದೆ. ಸುಮ್ನಿರು ಅಂದ್ರು."

ಗಂಡ ತಲೆ ತಗ್ಗಿಸಿದರು. "ಇನ್ನೇನು ಹೇಳ್ಲಿ ಸಾರ್? ಈ ಕೈ ಇಟ್ಕೊಂಡು ಎಲ್ಲಿಗೆ ಹೋಗ್ಲಿ? ತಮ್ಮ ಹೊರಗೆ ಹಾಕಿದ್ರೆ ತಲೆ ಮೇಲೆ ಸೂರಿಲ್ಲ. ನೀವೂ ಬರೀಬೇಡಿ."

"ಬರೀರಿ," ಎಂದರು ಅತ್ತಿಗೆ. ದನಿ ಏರಿಸಲಿಲ್ಲ. "ಸೂರಿಗೋಸ್ಕರ ಸುಮ್ನಿದ್ದೆ. ಆ ಹುಡುಗ ನನ್ನ ಮುಖ ಕಂಡ್ರೆ ರಸ್ತೆ ದಾಟ್ತಾನೆ ಸಾರ್. ಅವನ ಕಾಲು ತೆಗ್ದಿದ್ದು ನಾನು ಅಂದ್ಕೊಂಡಿದಾನೆ. ಇಲ್ಲಿವರೆಗೆ ಯಾರೂ ನನ್ನ ಕೇಳ್ಲೇ ಇಲ್ಲ. ನೀವು ಕೇಳಿದ್ರಿ, ಹೇಳ್ದೆ. ನನ್ನ ಫೋಟೋ ಬೇಡ. ಈ ಗೆರೇದು ಹಾಕಿ. ಅವನಿಗೆ ನನ್ನ ಗೆರೆ ಗೊತ್ತು."

ಹಿಂದಿನ ದಿನವೇ ನಾನು ಆ ಅಪಘಾತದ ಬಗ್ಗೆ ಮೈದುನನನ್ನೂ ಮಾತಾಡಿಸಿದ್ದೆ. "ಹಳೇದೆಲ್ಲ ಯಾಕೆ ಕೆದಕ್ತೀರಿ? ಗಿರಾಕಿ ಕೇಳಿದ್ದು ಮಾಡಿಕೊಡೋದು ನಮ್ಮ ಧರ್ಮ," ಎಂದು ಆತ ನಕ್ಕ. "ನಾಲ್ಕು ಸುತ್ತು ಹೆಚ್ಚು ಬಿಗಿದಿದ್ದಕ್ಕೆ ಯಾರ ಕಾಲಾದ್ರೂ ಹೋಗುತ್ತಾ ಸಾರ್? ರಸ್ತೆ ಸರಿಯಿಲ್ಲ, ಅಷ್ಟೇ." ರಿಂಗು ಬಿಗಿದ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

ಬೆಳಕು ಷಟರಿನ ಕೆಳಗಿಂದ ಒಳಗೆ ಬರುತ್ತಿದೆ. ಡ್ರೈವರ್ ತನ್ನ ತಮ್ಮನ ಜೊತೆ ಸೇರಿ ಸ್ವಂತಕ್ಕೆಂದು ಕೊಂಡ ಹಳೇ ಪಿಕಪ್ ಇದು. ಓಡಿಸುವವನು ತಮ್ಮ, ಪಕ್ಕದಲ್ಲಿ ಕೂರುವವನು ಇವನು. ಹಿಂದೆ ಯಾರೋ ಇದಕ್ಕೂ ಮೆತ್ತನೆ ಸ್ಪ್ರಿಂಗ್ ಹಾಕಿ ರಿಂಗನ್ನು ಸಿಕ್ಕಾಪಟ್ಟೆ ಬಿಗಿದಿದ್ದಾರೆ. ಅತ್ತಿಗೆ ಅದನ್ನು ಕಿತ್ತು ಗಟ್ಟಿಯದನ್ನು ಹಾಕಿದ್ದಾರೆ. ಕೊಕ್ಕೆ ಸ್ಪಾನರಿನಿಂದ ರಿಂಗನ್ನು ಸುತ್ತು ಸುತ್ತಾಗಿ ಸಡಿಲಿಸಿ, ಹಿಂದಿನ ಚಕ್ರಗಳ ಸ್ಪ್ರಿಂಗ್ ಪಟ್ಟಿಗಳಡಿ ಎತ್ತರಕ್ಕೆಂದು ಕೊಟ್ಟಿದ್ದ ದಿಮ್ಮಿಯನ್ನೂ ತೆಗೆದು, ಇಡೀ ಗಾಡಿಯನ್ನು ಮೂರು ಬೆರಳು ಇಳಿಸಿದ್ದಾರೆ. ಕಲ್ಲುದಾರಿಗೆ ಇದು ಸಾಕೇ ಎಂದು ಕೇಳಿದೆ.

"ದಾರಿಗೆ ಧಾರಾಳ. ನಿನ್ನೆ ಅವನು ಗಾಡಿ ಇಳಿಯೋವಾಗ ಒಳಗಿಂದ ನೋಡ್ದೆ. ತಮ್ಮ ಕಂಕುಳಿಗೆ ಕೈ ಹಾಕಿ, ಮಗೂನ ಇಳಿಸಿದ ಹಾಗೆ ಇಳಿಸ್ದ. ಅವನ ಮುಖ ನೋಡಕ್ಕಾಗ್ಲಿಲ್ಲ."

ಬಣ್ಣದ ಡಬ್ಬಿಗೆ ಕಡ್ಡಿ ಅದ್ದಿ ಎರಡೂ ಕಡೆ ಗೆರೆ ಎಳೆದರು. ಅಷ್ಟರಲ್ಲಿ ಮೇಲಿನ ಮನೆಯಿಂದ ಇಳಿದು ಬಂದ ಮೈದುನ ಅದನ್ನು ಕಂಡು, "ಅಳಿಸಿ ಅತ್ತಿಗೆ, ಅವನು ನೋಡಿದ್ರೆ ಗೊತ್ತಾಗುತ್ತೆ," ಎಂದು ಪಿಸುಗುಟ್ಟಿದ.

"ಗೆರೆ ಅಳಿಸೋದಾದ್ರೆ ಸ್ಪ್ರಿಂಗೂ ಬಿಚ್ತೀನಿ."

ಅವನು ಕೈಗೆ ಸ್ವಲ್ಪ ಗ್ರೀಸ್ ಸವರಿಕೊಂಡು, ಷಟರ್ ಎತ್ತಿ ಗಾಡಿಯನ್ನು ಹೊರಗೆ ಒಯ್ದ. ಷಟರ್ ಮತ್ತೆ ಮೊಣಕಾಲೆತ್ತರಕ್ಕೆ ಇಳಿಯಿತು. ಅತ್ತಿಗೆ ಒಳಗೆ, ನಾನು ಹೊರಗೆ.

ಡ್ರೈವರೂ ಅವನ ತಮ್ಮನೂ ಬಂದರು. ಡ್ರೈವರ್ ಕೃತಕ ಕಾಲೆಳೆದು ಕುಂಟುತ್ತಾ ಗಾಡಿಗೆ ಒಂದು ಸುತ್ತು ಹಾಕಿದ; ಚಕ್ರದ ಮರೆಯ ಗೆರೆ ಅವನ ಕಣ್ಣಿಗೆ ಬೀಳಲಿಲ್ಲ. ತಮ್ಮ ಎತ್ತಲು ಹೋದಾಗ ತಡಿ ಎಂದ. ಬಾಗಿಲಿನ ಹಿಡಿ ಹಿಡಿದು, ಒಳ್ಳೆಯ ಕಾಲನ್ನು ಮೆಟ್ಟಿಲ ಮೇಲಿಟ್ಟು, ಒಂದೇ ಉಸಿರಿಗೆ ಮೇಲೆ ಹತ್ತಿ ಕೂತ. ಆಮೇಲೆ ಕಿಟಕಿಯಿಂದ ಕೈ ಚಾಚಿ ಮೈದುನನ ಕೈ ಹಿಡಿದುಕೊಂಡ.

"ನಿಮ್ಮ ಕೈಗುಣ ಅಣ್ಣ. ಹೀಗೆ ನಾನೇ ಹತ್ತಿ ಎಷ್ಟು ದಿನ ಆಗಿತ್ತು."

ಮೈದುನ ಆ ಮಾತನ್ನು ತಲೆಯಾಡಿಸಿ ಇಸಿದುಕೊಂಡ. ಗಾಡಿ ಹೊರಟ ಮೇಲೆ ಬಗ್ಗಿ ಒಳಗೆ ಹೋದೆ. ಅತ್ತಿಗೆ ಸ್ಪಾನರ್ ಒರೆಸುತ್ತಿದ್ದರು.

"ಹತ್ತಿದ್ನಾ?"

"ಹತ್ತಿದ್ರು."

"ಯಾರಾದ್ರೂ ಕೈ ಕೊಟ್ರಾ?"

"ಇಲ್ಲ. ಅವರೇ ಹತ್ತಿದ್ರು."

"ಹಾಗಾದ್ರೆ ಮೂರು ಬೆರಳು ಸರಿಯಾಯ್ತು," ಎಂದು ಸ್ಪಾನರನ್ನು ಮೊಳೆಗೆ ತಗುಲಿಸಿದರು.