ಮಾವನ ಗಂಟು

ಅಪ್ಪ ಅಮ್ಮ ಇಟ್ಟ ಹೆಸರು ಮನೆಯವರಿಗಷ್ಟೇ ಗೊತ್ತು. ಕಸುಬಿನವರ ನಡುವೆ ಅವನು ‘ಗೆರೆ’. ಅವನು ಮಾಡಿದ ವೈರಿಂಗು ಸ್ಕೇಲಿಟ್ಟು ಎಳೆದ ಗೆರೆಯ ಹಾಗಿರುತ್ತದೆಂದು ಯಾರೋ ಮೆಚ್ಚಿ ಇಟ್ಟ ಹೆಸರು. ಹೊಗಳಿಕೆಯ ರುಚಿ ಹತ್ತಿದವನು ಒಂದು ಕಡೆ ಕೂರಲಾರ. ಕೆಲಸ ಮುಗಿಸಿ ಬಂದ ಮೇಲೂ ಗೆರೆಯ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಎದುರು ಗೋಡೆಯ ಸ್ವಿಚ್ ಬೋರ್ಡು ಕೂದಲೆಳೆಯಷ್ಟು ಓರೆಯಾಗಿ ಕಾಣುತ್ತಿತ್ತು. ಎದ್ದು ಹೋಗಿ ಸ್ಕ್ರೂ ಸಡಿಲಿಸಿ ಸರಿಮಾಡಿ ಬಂದು ಕೂತರೆ, ಈಗ ಆಚೆ ಕಡೆಗೆ ಓರೆ.

“ಓರೆ ಇರೋದು ಬೋರ್ಡಲ್ಲ ರೀ, ನಿಮ್ಮ ಕುತ್ತಿಗೆ,” ಎನ್ನುತ್ತಿದ್ದಳು ಹೆಂಡತಿ.

ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯ ಮೆಟ್ಟಿಲೇ ಇವರೆಲ್ಲರ ಹರಟೆಕಟ್ಟೆ. ವೈರು, ಪೈಪು ಕೊಳ್ಳಲು ಬಂದವರು ಅಲ್ಲೇ ಕೂತು ಫೋನು ತೆಗೆಯುತ್ತಿದ್ದರು. ನಿನ್ನೆ ಮುಗಿಸಿದ ಬೋರ್ಡಿನ ಫೋಟೋ ಕೈಯಿಂದ ಕೈಗೆ ಹೋಗುತ್ತಿತ್ತು. ಹುಳುಕು ಹುಡುಕುವ ಹಲ್ಲಿನ ಡಾಕ್ಟರ ಹಾಗೆ ಎಲ್ಲರೂ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಮೆಚ್ಚಿದರೆ “ಪರವಾಗಿಲ್ಲ” ಎಂಬ ಒಂದು ಮಾತು. ಅದೇ ಅಲ್ಲಿಯ ದೊಡ್ಡ ಬಿರುದು.

ಆ ಮೆಟ್ಟಿಲಿನ ಮೇಲೆ ಗೆರೆಗೆ ಸರಿಸಾಟಿಯಾದವನು ಒಬ್ಬನೇ, ಟೆಸ್ಟರ್. ಅಂಗಿಯ ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದ. ಯಾರು ಏನು ಹೇಳಿದರೂ ನಿಜವೋ ಸುಳ್ಳೋ ಎಂದು ಮುಟ್ಟಿ ನೋಡುವ ಸ್ವಭಾವವೂ ಅವನದು. ಅವನ ಕೆಲಸಕ್ಕೆ ಜನ “ಪರವಾಗಿಲ್ಲ” ಅಂದ ದಿನ ಗೆರೆಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಹಳೆಯ ಪ್ರೆಸ್ಸಿನಿಂದ ಗೆರೆಗೆ ಕರೆ ಬಂತು. ಅಚ್ಚು ಹಾಕುವ ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ಕಾರಣ ಏನೂ ದೊಡ್ಡದಲ್ಲ, ಮೋಟಾರಿನ ಸ್ವಿಚ್ಚಿನಲ್ಲಿ ಒಂದು ತಂತಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿ, ಯಾವುದಕ್ಕೂ ಇರಲಿ, ಒಮ್ಮೆ ಮೇನ್ ಬೋರ್ಡನ್ನೂ ನೋಡಿಬಿಡೋಣ ಎಂದು ಹಿಂದಿನ ಕೋಣೆಗೆ ಹೋದ. ಕಾಗದದ ಕಟ್ಟುಗಳ ಹಿಂದೆ ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಬಾಗಿಲು ಎಳೆದು ತೆರೆದವನು ಹಾಗೇ ನಿಂತುಬಿಟ್ಟ.

ಒಳಗೆ ತಂತಿಗಳು ಬಾಚಿದ ತಲೆಯ ಹಾಗಿದ್ದವು. ಮೂಲೆಗೆ ಬಂದಾಗ ಎಲ್ಲವೂ ಒಟ್ಟಿಗೆ ತಿರುಗಿ, ಒಂದನ್ನೊಂದು ದಾಟದೆ, ತಂತಮ್ಮ ಜಾಗಕ್ಕೆ ಹೋಗಿ ಕೂತಿದ್ದವು. ಈಗಿನವರ ಹಾಗೆ ಪ್ಲಾಸ್ಟಿಕ್ ಟೈ ಇಲ್ಲ. ಉದ್ದಕ್ಕೂ ಮೇಣ ತೀಡಿದ ದಾರದಲ್ಲಿ ಗಂಟು, ಗಂಟು, ಗಂಟು. ಒಂದೇ ಒಂದು ಗಂಟಿಗೂ ಬಾಲ ಹೊರಗೆ ಕಾಣುತ್ತಿರಲಿಲ್ಲ. ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಧೂಳು ಕೂಡ ಒಳಗೆ ಕಾಲಿಟ್ಟಿರಲಿಲ್ಲ. ಗೆರೆಗೆ ಮೊದಲು ಸಂತೋಷವಾಯಿತು, ಆಮೇಲೆ ಹೊಟ್ಟೆಕಿಚ್ಚು. ಹಳೆಯ ಪಿಂಗಾಣಿ ಫ್ಯೂಸುಗಳು ಬರದ ಹಾಗೆ ಒಂದು ಫೋಟೋ ತೆಗೆದುಕೊಂಡ. ಯಾಕೆ ಹಾಗೆ ತೆಗೆದ ಎಂದು ಆಗ ಅವನಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಮೆಟ್ಟಿಲಿನ ಬಳಿ ಬಂದರೆ ಟೆಸ್ಟರನ ಸುತ್ತ ಗುಂಪು. ಅವನೊಂದು ದೊಡ್ಡ ಕಟ್ಟಡದ ಕೆಲಸ ಮುಗಿಸಿದ್ದ. ಅಂಗಡಿಯವನೂ ಗಲ್ಲಾ ಬಿಟ್ಟು ಬಂದು ಇಣುಕುತ್ತಿದ್ದ. “ಪರವಾಗಿಲ್ಲಪ್ಪಾ, ಪರವಾಗಿಲ್ಲ.”

“ನಿಂದೇನೋ ಗೆರೆ, ಇವತ್ತು?” ಯಾರೋ ಕೇಳಿದರು.

ಗೆರೆ ಫೋನು ಮುಂದೆ ಚಾಚಿದ. ಫೋನು ಒಂದು ಸುತ್ತು ಹೋಗಿ ಬಂತು.

“ನೀನು ಮಾಡಿದ್ದಾ?”

“ಮತ್ತಿನ್ಯಾರು?”

ಅಷ್ಟೇ. ಒಂದೇ ಮಾತು. ಬಾಯಿಂದ ಬಿದ್ದ ಮೇಲೆ ಹೆಕ್ಕಿಕೊಳ್ಳುವ ಹಾಗಿರಲಿಲ್ಲ. ಟೆಸ್ಟರ್ ಮಾತ್ರ ಫೋಟೋವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದ. “ದಾರದಲ್ಲಿ ಕಟ್ಟಿದ್ದೀಯ? ಎಲ್ಲಿ ಕಲಿತೆ ಇದನ್ನ?” ಒಂದು ಸುಳ್ಳಿಗೆ ಒಂಬತ್ತು ಸುಳ್ಳಿನ ಊರುಗೋಲು ಬೇಕು. ಹಳೇ ಪೆಟ್ಟಿಗೆ, ಒಳಗೆಲ್ಲ ಹೊಸದಾಗಿ ಕಟ್ಟಿದೆ, ಹಳೇ ಕಾಲದ ಹಾಗೇ ಇರಲಿ ಅಂತ ಪ್ರೆಸ್ಸಿನವರೇ ಕೇಳಿದರು, ಎಂದೆಲ್ಲ ಗೆರೆ ಹೇಳಿದ. “ಹಾಗಾದ್ರೆ ಕಣ್ಣಾರೆ ನೋಡ್ಲೇಬೇಕು. ಬರೋ ರಜಾ ದಿನ ಎಲ್ಲರೂ ಹೋಗೋಣ,” ಎಂದ ಟೆಸ್ಟರ್. ಎಲ್ಲರೂ ಹೂಂ ಅಂದರು. ನೋಡಿದರೆ ಯಾರಪ್ಪನ ಗಂಟೇನು ಹೋಗುತ್ತದೆ?

ಮನೆಗೆ ಬಂದ ಗೆರೆ ಫೋನನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ಹೊರಗೆ ಬರುವಷ್ಟರಲ್ಲಿ ಹೆಂಡತಿ ಫೋನು ಹಿಡಿದು ಕಿಟಕಿಯ ಬೆಳಕಿಗೆ ಹೋಗಿದ್ದಳು.

“ರೀ, ಇದು ನಮ್ಮಪ್ಪನ ಗಂಟಲ್ವಾ?”

“ಯಾವ ಗಂಟು?”

“ಇದೇ. ಬಾಲ ಕಾಣದ ಗಂಟು. ಚಿಕ್ಕವಳಿದ್ದಾಗ ಮೇಣದಬತ್ತಿ ತಗೊಂಡು ದಾರ ತೀಡಿ ಕೊಡ್ತಿದ್ದವಳೇ ನಾನು. ಎಲ್ಲಿ ತೆಗೆದ್ರಿ ಇದನ್ನ?”

“ಒಂದು ಪ್ರೆಸ್ಸಲ್ಲಿ.”

“ಹಾಗಾದ್ರೆ ಅಪ್ಪಂದೇ!”

ಅವಳ ಅಪ್ಪ, ಎಂದರೆ ಗೆರೆಯ ಮಾವ, ಒಂದು ಕಾಲದಲ್ಲಿ ಇದೇ ಕಸುಬು ಮಾಡಿದವರು. ಈಗ ಕಣ್ಣು ಮಬ್ಬಾಗಿ ಎರಡು ಬೀದಿಯಾಚೆ ಮಗನ ಮನೆಯಲ್ಲಿದ್ದರು. ಬಡಾಯಿಗೆ ಅವರನ್ನು ಮೀರಿಸಿದವರಿಲ್ಲ. ತಾವು ಕಟ್ಟಿದ ಬೋರ್ಡು ನೋಡಲು ಜನ ಸಾಲು ನಿಲ್ಲುತ್ತಿದ್ದರು, ಪ್ರೆಸ್ಸಿನಲ್ಲಿ ಕಟ್ಟಿದ್ದನ್ನು ನೋಡಿ ಮಾಲೀಕ ಬಾಯಿ ತೆರೆದವನು ಮುಚ್ಚಲೇ ಇಲ್ಲ, ಎಂದು ಹೋದಾಗಲೆಲ್ಲ ಹೇಳುತ್ತಿದ್ದರು. ಗೆರೆ ಹೆಂಡತಿಯ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ. ಅವಳೂ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಈಗ ಅವಳ ಕಣ್ಣಲ್ಲಿ ನೀರು. “ನಿಜ ಹೇಳ್ತಿದ್ರು ರೀ. ನಾವೇ ನಗಾಡಿದ್ವಿ.”

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಮೆಟ್ಟಿಲಿನಲ್ಲಿ ಫೋನು ಸುತ್ತುವಾಗಲೇ ಯಾರೋ ಆ ಫೋಟೋವನ್ನು ಎಲೆಕ್ಟ್ರಿಷಿಯನ್‌ಗಳ ಗುಂಪಿಗೆಲ್ಲ ಕಳಿಸಿದ್ದರು. ಅವಳು ಗಟ್ಟಿಯಾಗಿ ಓದಿದಳು: “ಗೆರೆ, ಕೈ ತೊಳೆದು ಮುಟ್ಟಬೇಕಪ್ಪಾ ನಿನ್ನ ಕೆಲಸಾನ.” ಇನ್ನೊಂದು ಬಂತು. ಅದನ್ನು ಅವಳು ಓದಲಿಲ್ಲ. ಗಂಡನ ಮುಖವನ್ನು ನೋಡಿದಳು, ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

“ಅಪ್ಪಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ.”

ಹೇಳಿದನೇ? ಇಲ್ಲ. ಮಾವನ ಬೀದಿಯ ತಿರುವಿನವರೆಗೆ ಹೋಗಿ ಬರುತ್ತಿದ್ದ. ಕೆಲಸದಲ್ಲಿ ಕೈ ಓಡುತ್ತಿರಲಿಲ್ಲ. ಒಂದು ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರಿಗೆ ಹೋಗಬೇಕಾದ ತಂತಿಯನ್ನು ಕರೆಗಂಟೆಗೆ ಕೊಟ್ಟುಬಿಟ್ಟ. ಮನೆಯ ಯಜಮಾನಿ ಫ್ಯಾನು ಹಾಕಿದಾಗ ಗಂಟೆ ಬಡಿಯಿತು, ಅವರು ಬಾಗಿಲು ತೆರೆದು ಯಾರೂ ಇಲ್ಲವೆಂದು ಬೈದುಕೊಂಡರು. ಗೆರೆ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಹೆಂಡತಿ ಏನೂ ಕೇಳುತ್ತಿರಲಿಲ್ಲ. ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ರಜೆಯ ಹಿಂದಿನ ದಿನ ಕಾಲು ತಾನಾಗಿಯೇ ಅವನನ್ನು ಪ್ರೆಸ್ಸಿಗೆ ಎಳೆದುಕೊಂಡು ಹೋಯಿತು. ಯಂತ್ರದ ಬಳಿ ನಿಂತಿದ್ದ ಅಚ್ಚಿನವನು ಮೈಗೆಲ್ಲ ಮಸಿ ಮಾಡಿಕೊಂಡಿದ್ದ. “ಒಳ್ಳೇದಾಯ್ತು ಬಂದ್ರಿ. ಆ ಹಳೇ ಬೋರ್ಡು ಬದಲಾಯಿಸ್ಬೇಕಾ ಅಂತ ಮಾಲೀಕರು ಕೇಳ್ತಿದ್ರು. ನೀವು ಹೂಂ ಅಂದ್ರೆ ಇವತ್ತೇ ಕಿತ್ತುಹಾಕಿ, ನಮ್ಮದೇನೂ ಅಡ್ಡಿ ಇಲ್ಲ.”

ಗೆರೆಗೆ ದಾರಿ ತಾನಾಗಿಯೇ ತೆರೆದಿತ್ತು. ಹಳೆಯದು, ಅಪಾಯ ಎಂದು ಹೇಳಿದರೆ ಮುಗಿಯಿತು. ನಾಳೆ ಬಂದವರಿಗೆ ನೋಡಲು ಏನೂ ಇರುವುದಿಲ್ಲ. ಫೋಟೋ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಮೇನ್ ಸ್ವಿಚ್ಚು ಇಳಿಸಿ, ಪೆಟ್ಟಿಗೆ ತೆರೆದು, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರನ್ನು ಮೊದಲ ಗಂಟಿಗೆ ಇಟ್ಟ. ಒಂದಿಷ್ಟು ಒತ್ತಿದ. ದಾರದ ಒಂದು ಎಳೆ ಟಪ್ ಎಂದು ಬಿಟ್ಟಿತು.

ಆ ಸಣ್ಣ ಸದ್ದಾದ ಮೇಲೆ ಅವನ ಕೈ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಇಂಥದ್ದನ್ನು ಕಟ್ಟಲು ತನಗೆ ಬಾರದು, ಅದು ಗೊತ್ತಿತ್ತು. ಕತ್ತರಿಸಲೂ ಬಾರದು ಎಂಬುದು ಆಗ ಗೊತ್ತಾಯಿತು.

“ಬೋರ್ಡು ಗಟ್ಟಿಯಾಗಿದೆ. ಫ್ಯೂಸು ಮಾತ್ರ ಬದಲಾಯಿಸಿದ್ರೆ ಸಾಕು. ತಂತಿಗೆ ಯಾರೂ ಕೈ ಹಾಕೋದು ಬೇಡ,” ಎಂದು ಅಚ್ಚಿನವನಿಗೆ ಹೇಳಿ ನೇರ ಮಾವನ ಮನೆಗೆ ನಡೆದ.

ಮಾವ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. “ಯಾರದು, ಅಳಿಯಂದಿರೋ? ಹೆಜ್ಜೆ ಯಾಕೋ ಸಾಲ ಕೇಳೋಕೆ ಬಂದೋರ ಹಾಗಿದೆಯಲ್ಲ!”

ಗೆರೆ ನಿಂತೇ ಎಲ್ಲವನ್ನೂ ಒದರಿದ. ಪ್ರೆಸ್ಸು, ಫೋಟೋ, ಮೆಟ್ಟಿಲು, ತಾನು ಹೇಳಿದ ಮಾತು. ಕಟಿಂಗ್ ಪ್ಲೇಯರಿನ ವಿಷಯ ಮಾತ್ರ ಬಿಟ್ಟ.

ಮಾವ ತೊಡೆ ತಟ್ಟಿ ನಕ್ಕರು. “ಇನ್ನೂ ಇದೆಯಾ ಅದು! ನಿಂದೇ ಅಂದುಬಿಟ್ಯಾ? ಅಂದ್ರೆ ಕದಿಯೋ ಹಾಗಿತ್ತು ಅನ್ನು!” ಮತ್ತೆ ನಕ್ಕರು. ಆ ನಗು ಮೆಲ್ಲಗೆ ಇಳಿಯಿತು. “ಅಲ್ಲಪ್ಪಾ, ಇಷ್ಟು ವರ್ಷ ನಾನು ಹೇಳ್ದಾಗ ನೀವಿಬ್ರೂ ನಗ್ತಿದ್ರಿ. ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗೇ ಇದೆ. ನೀನು ‘ನಂದು’ ಅಂದ ತಕ್ಷಣ ಊರೇ ನಂಬಿಬಿಡ್ತಾ?”

“ನಾಳೆ ನೀವೂ ಬನ್ನಿ ಮಾವ. ಎಲ್ಲರ ಎದುರಿಗೇ ಹೇಳ್ತೀನಿ.”

“ಬರ್ತೀನಿ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರ್ತೀನಿ.”

ಮರುದಿನ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೆಸ್ಟರ್ ಎಲ್ಲರಿಗಿಂತ ಮುಂದೆ. ಗೆರೆ ಮಾವನ ತೋಳು ಹಿಡಿದು ಬಂದವನು, ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲೇ ಹೇಳಿಬಿಟ್ಟ. ಇಲ್ಲದಿದ್ದರೆ ಹೇಳಲಾಗುವುದಿಲ್ಲವೆಂದು ಅವನಿಗೆ ಭಯ.

“ಇದು ನಾನು ಮಾಡಿದ್ದಲ್ಲ. ನಮ್ಮ ಮಾವ ಮಾಡಿದ್ದು. ನಾನು ಸುಳ್ಳು ಹೇಳ್ದೆ.”

ಟೆಸ್ಟರ್ ಮೂಗಿನಲ್ಲೇ ನಕ್ಕ. “ಗೊತ್ತಿತ್ತು ಬಿಡೋ.”

“ಹೇಗೆ?”

“ನಿನ್ನ ಗೆರೆ ಕೊನೇಲಿ ಒಂಚೂರು ಬಲಕ್ಕೆ ವಾಲುತ್ತೆ. ಯಾವಾಗಲೂ. ಇದು ವಾಲಿಲ್ಲ. ಎಲ್ಲೀವರೆಗೆ ಎಳೀತೀಯ ನೋಡೋಣ ಅಂತ ಸುಮ್ಮನಿದ್ದೆ.”

ಹೊಗಳಿಕೆಗಾಗಿ ಇಷ್ಟು ವರ್ಷ ಒದ್ದಾಡಿದ್ದೇನೋ ನಿಜ. ಆದರೆ ತನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದವನು ಇವನೊಬ್ಬನೇ ಎಂದು ಗೆರೆಗೆ ಅನಿಸಿ, ಅವಮಾನದ ನಡುವೆಯೂ ಒಂಥರಾ ಖುಷಿಯಾಯಿತು.

ಮೇನ್ ಇಳಿಸಿ ಬಾಗಿಲು ತೆರೆದರು. ಮಾವ ಮುಂದೆ ಬಂದು ಬೆರಳಿನಿಂದ ನೋಡತೊಡಗಿದರು. ಬಾಯಿಗೆ ಬಿಡುವಿರಲಿಲ್ಲ. ಇಲ್ಲಿ ಹೀಗೆ ತಿರುಗಿಸಿದೆ, ಅಲ್ಲಿ ದಾರ ಸಾಲದೆ ಹೊಸ ಉಂಡೆ ಬಿಚ್ಚಿದೆ, ಈಗಿನವರಿಗೆ ಇದೆಲ್ಲ ಎಲ್ಲಿ ಬರಬೇಕು! ಜನ ತಲೆದೂಗುತ್ತಿದ್ದರು. ಬೆರಳು ಮೊದಲ ಗಂಟಿಗೆ ಬಂದು ನಿಂತಿತು. ಉಗುರಿನಿಂದ ಆ ಬಿಟ್ಟ ಎಳೆಯನ್ನು ಒಮ್ಮೆ ಮೀಟಿದರು. ಮಾವ ಏನೂ ಅನ್ನದೆ ಮುಂದಿನ ಗಂಟಿಗೆ ಹೋದರು.

ವಾಪಸು ಬರುವಾಗ ಮಾವ ಗೆರೆಯ ತೋಳು ಹಿಡಿದು ನಡೆದರು.

“ಕತ್ತರಿಸೋಕೆ ಹೋಗಿ ಯಾಕೆ ನಿಲ್ಲಿಸ್ದೆ?” ಮಾವ ಕೇಳಿದರು.

“ಕೈ ಬರಲಿಲ್ಲ ಮಾವ.”

“ಹೂಂ,” ಎಂದರು. ಅವನ ತೋಳಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ, ಬಿಗಿಯಾಗಿ ಹಿಡಿಯಲೂ ಇಲ್ಲ.

ಆಮೇಲೆ ಬಹಳ ದಿನ ಮೆಟ್ಟಿಲಿನವರು ಅವನನ್ನು ಬಿಡಲಿಲ್ಲ. ಯಾರು ಯಾವ ಫೋಟೋ ತೋರಿಸಿದರೂ “ನಿನ್ನದೋ, ನಿಮ್ಮ ಮಾವಂದೋ?” ಎಂದು ಕೇಳಿ ನಗುವುದು ಅಲ್ಲಿಯ ರೂಢಿಯಾಯಿತು. ಗೆರೆ ಹಲ್ಲು ಕಚ್ಚಿಕೊಂಡು ಹೋಗುತ್ತಲೇ ಇದ್ದ. ಹೆಂಡತಿ ಮತ್ತೆ ಮಾತಾಡತೊಡಗಿದಳು, ಆದರೆ ಅವನು ಏನಾದರೂ ಹೆಚ್ಚಿಗೆ ಹೇಳಿದರೆ ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ಸಂಜೆ ಹೊತ್ತು ಅವನು ಮಾವನ ಎದುರು ಕಾಲು ಮಡಚಿ ಕೂತು ಗಂಟು ಕಲಿಯತೊಡಗಿದ. ಮಾವನ ಬಡಾಯಿ ಈಗ ಎರಡು ಪಟ್ಟಾಗಿತ್ತು, ಯಾರೂ ನಗುವಂತಿರಲಿಲ್ಲ.

ಒಂದು ಸಂಜೆ ಗೆರೆ ಹಲಗೆಯ ಮೇಲೆ ಒಂದು ಕಟ್ಟು ತಂತಿ ಜೋಡಿಸಿ, ಉದ್ದಕ್ಕೂ ಗಂಟು ಹಾಕಿ, ಎಷ್ಟೋ ಸಲ ತಿರುಗಿಸಿ ನೋಡಿ, ಕೊನೆಗೆ ಮಾವನ ಮಡಿಲಲ್ಲಿಟ್ಟ. ಅವರ ಬೆರಳು ಈ ತುದಿಯಿಂದ ಆ ತುದಿಗೆ ಹೋಯಿತು. ಅವನು ಎದ್ದ, ಕಿಟಕಿಯ ಬಳಿ ಹೋದ, ಮತ್ತೆ ಬಂದ.

“ಹೇಗಿದೆ ಮಾವ?”

“ಬಿಚ್ಚು,” ಎಂದರು ಮಾವ.

ಗೆರೆ ಕೂತು ಬಿಚ್ಚತೊಡಗಿದ.